ತಾತನ ಟ್ರಂಕಿನ ಹಾಲಿವುಡ್ ಪತ್ರಿಕೆಗಳು: ಯಾವ ಸಾಲು ನಂಬೋದು?

ಪ್ರಶ್ನೆ: ನಮ್ಮ ತಾತ ಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮೈಸೂರಿನ ಹಳೇ ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ 34 ಹಾಲಿವುಡ್ ಪತ್ರಿಕೆಗಳು ಸಿಕ್ಕಿವೆ. ಫೋಟೋಪ್ಲೇ, ಮಾಡರ್ನ್ ಸ್ಕ್ರೀನ್, ಸಿಲ್ವರ್ ಸ್ಕ್ರೀನ್, ಹೀಗೆ. 1937ರಿಂದ 1945ರವರೆಗಿನವು. ಕೆಲವನ್ನು ಅಮೆರಿಕದ ಸೈನಿಕರು ಕೊಟ್ಟಿದ್ದು, ಉಳಿದವು ದಂಡಿನ ಕಡೆಯ ಹಳೇ ಪುಸ್ತಕದಂಗಡಿಯವು ಎಂದು ಅಮ್ಮ ಹೇಳುತ್ತಾರೆ. ಒಂದರಲ್ಲಿ ಸಾಬು ಎಂಬ ಹುಡುಗ ಮೈಸೂರು ಮಹಾರಾಜರ ಆನೆಲಾಯದ ಮಾವುತನ ಮಗ, ಅನಾಥ, ಅಲ್ಲಿಂದ ನೇರ ಸಿನಿಮಾಕ್ಕೆ ಬಂದ ಎಂದಿದೆ. ನಮ್ಮ ಭಾವ ನಗುತ್ತಾರೆ, ಇದೆಲ್ಲ ಸ್ಟುಡಿಯೋದವರು ಹೆಣೆದ ಕಥೆ ಅಂತ. ಇನ್ನೊಂದರಲ್ಲಿ ಮರ್ಲ್ ಓಬೆರಾನ್ ಎಂಬ ನಟಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವರು ಎಂದಿದೆ. ಇದನ್ನು ಭಾವ ನಂಬುತ್ತಾರೆ! ಇವುಗಳಲ್ಲಿ ಎಷ್ಟು ನಿಜ? ನಿರ್ದೇಶಕರ ಬಗ್ಗೆ ಬರಹವೇ ಕಮ್ಮಿ, ಯಾಕೆ? ಇವನ್ನು ಮಾರಬೇಕೋ, ಚಿತ್ರ ಕತ್ತರಿಸಿ ಫ್ರೇಮ್ ಹಾಕಿಸಬೇಕೋ, ಸ್ಕ್ಯಾನ್ ಮಾಡಿ ಹಾಕಬೇಕೋ? ಸಾಬು ಇರುವ ಪುಟದಲ್ಲಿ ತಾತ ಪೆನ್ಸಿಲ್‌ನಲ್ಲಿ ಏನೋ ಗೀಚಿದ್ದಾರೆ, ಅಳಿಸಿದರೆ ಬೆಲೆ ಜಾಸ್ತಿ ಸಿಗುತ್ತಾ? ಸಂಚಿಕೆಗಳ ಪಟ್ಟಿ, ಆ ಪುಟದ ಫೋಟೋ ಜೊತೆಗಿವೆ.

ಉತ್ತರ: ಪೆನ್ಸಿಲ್ ವಿಷಯ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ರಬ್ಬರ್ ಮುಟ್ಟಬೇಡಿ. ಯಾಕೆ ಅನ್ನೋದು ಆಮೇಲೆ ಬರುತ್ತೆ.

ನಿಮ್ಮ ಚಿಂತೆ ಎರಡು ತುಂಡಾಗಿದೆ. ಓದಿದ್ದನ್ನು ನಂಬಬಹುದಾ ಅನ್ನೋದು ಒಂದು. ಕೈಯಲ್ಲಿರುವ ಕಾಗದವನ್ನು ಏನು ಮಾಡೋದು ಅನ್ನೋದು ಇನ್ನೊಂದು. ಹಳೇ ಸಿನಿಮಾ ಪತ್ರಿಕೆಗಳ ಜೊತೆ ನಾನು ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಇವುಗಳನ್ನು ತರುವವರಲ್ಲಿ ಎರಡು ಥರದವರನ್ನು ನೋಡಿದ್ದೇನೆ. ಅಚ್ಚಾಗಿದೆ ಅಂದಮೇಲೆ ಸತ್ಯ ಎನ್ನುವವರು, ಎಲ್ಲಾ ಬುರುಡೆ ಎನ್ನುವವರು. ನಿಮ್ಮ ಭಾವನವರದು ಮೂರನೇ ದಾರಿ. ನಂಬಬೇಕಾದ್ದನ್ನು ಬಿಟ್ಟು, ಬಿಡಬೇಕಾದ್ದನ್ನು ನಂಬಿದ್ದಾರೆ. ಅವರನ್ನು ಬೈಯಬೇಡಿ. ಆ ಎರಡು ಕಥೆಗಳನ್ನು ಹಾಗೆ ಕಾಣುವಂತೆಯೇ ಬರೆಸಿದ್ದರು.

ಸಾಬು ಕಥೆಯ ಬುಡ ನಿಜ. 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಹುಡುಗ. ಈಗ ಕಬಿನಿ ಸಫಾರಿಗೆ ಜನ ಹೋಗುತ್ತಾರಲ್ಲ, ಅದೇ ಕಾರಾಪುರ. ಅಪ್ಪ ಮಾವುತ. ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಕೊಂಡರು, ಹುಡುಗ ಮಹಾರಾಜರ ಆನೆಲಾಯದಲ್ಲಿ ಬೆಳೆದ. ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಕಿಪ್ಲಿಂಗ್ ಕಥೆಯೊಂದನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದಾಗ ಅವನ ತಂಡದ ಕಣ್ಣಿಗೆ ಬಿದ್ದ. ಆ ಚಿತ್ರ 1937ರಲ್ಲಿ ಬಂತು. ಅಲ್ಲಿಂದ ಇಂಗ್ಲೆಂಡ್, ಅಲ್ಲಿಂದ ಹಾಲಿವುಡ್. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಅವರ ವಾಯುಪಡೆ ಸೇರಿ, ಬಿ-24 ಬಾಂಬರ್‌ನಲ್ಲಿ ಗನ್ನರ್ ಆಗಿ ಪೆಸಿಫಿಕ್ ಯುದ್ಧದಲ್ಲಿ ಹಾರಾಡಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವೂ ಸಿಕ್ಕಿತು. 1963ರ ಡಿಸೆಂಬರ್‌ನಲ್ಲಿ, 39ರ ವಯಸ್ಸಿಗೆ, ಹೃದಯಾಘಾತದಿಂದ ಹೋದ. ಇದನ್ನೆಲ್ಲ ಯಾರಾದರೂ ಸುಮ್ನೆ ಕಥೆ ಕಟ್ಟಿ ಹೇಳಿದ್ದರೆ, ಸ್ವಲ್ಪ ಅತಿ ಆಯ್ತು ಕಣಯ್ಯಾ ಅನ್ನುತ್ತಿದ್ದೆವು.

ಮರ್ಲ್ ಓಬೆರಾನ್ ಕಥೆ ಇದರ ತದ್ವಿರುದ್ಧ. ಆಕೆ ಹುಟ್ಟಿದ್ದು 1911ರಲ್ಲಿ, ಬೊಂಬಾಯಿಯಲ್ಲಿ. ಬೆಳೆದದ್ದು ಕಲ್ಕತ್ತೆಯಲ್ಲಿ. ಹೆಸರು ಎಸ್ಟೆಲ್ ಮರ್ಲ್ ಥಾಂಪ್ಸನ್, ಮನೆಯಲ್ಲಿ ಕ್ವೀನಿ. ಸಾಕಿದ ಷಾರ್ಲಟ್ ಸೆಲ್ಬಿ ಸಿಲೋನ್ ಮೂಲದವರು. ಮರ್ಲ್ ಸಿನಿಮಾ ಸೇರಿದ ಮೇಲೆ ಈ ಷಾರ್ಲಟ್‌ರನ್ನು ಬಂದವರಿಗೆಲ್ಲ ಮನೆಗೆಲಸದವಳು ಎಂದು ತೋರಿಸಬೇಕಾಯಿತು. ಟಾಸ್ಮೇನಿಯಾ ಪೂರಾ ಕಟ್ಟುಕಥೆ. ಆರಿಸಿದ ಜಾಗ ನೋಡಿ. ಇಂಗ್ಲಿಷ್ ಮಾತಾಡುವ ಬಿಳಿಯರ ನಾಡು, ಲಂಡನ್‌ನಿಂದ ಹೋಗಿ ವಿಚಾರಿಸಲಾಗದಷ್ಟು ದೂರ. ಈ ಗುಟ್ಟು ಇಟ್ಟುಕೊಂಡೇ ಮರ್ಲ್ 1935ರ ಒಂದು ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. 1979ರಲ್ಲಿ ತೀರಿಕೊಳ್ಳುವ ತನಕ ಬಾಯಿ ಬಿಡಲಿಲ್ಲ.

ಈಗ ಈ ಎರಡನ್ನೂ ಪಕ್ಕಪಕ್ಕ ಇಡಿ. ಸಾಬುವನ್ನು ಲಂಡನ್ನಿಗೆ ಕರೆಸಿದ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ. ಓಬೆರಾನ್‌ರನ್ನು ತಾರೆ ಮಾಡಿದ್ದೂ ಅದೇ ಕೊರ್ಡಾ. 1939ರಲ್ಲಿ ಆಕೆಯನ್ನು ಮದುವೆಯಾದದ್ದೂ ಅವರೇ. ಎರಡೂ ಕಥೆ ಹೊರಟದ್ದು ಒಂದೇ ಕಂಪನಿಯ ಪ್ರಚಾರ ಕಚೇರಿಯಿಂದ. ಒಬ್ಬ ಹುಡುಗನ ವಿಷಯದಲ್ಲಿ ಭಾರತ ಮಾರಾಟದ ಸರಕಾಯಿತು. ರುಮಾಲು, ಆನೆ, ಕಾಡು, ಎಷ್ಟಿದ್ದರೂ ಸಾಲದು. ಒಬ್ಬ ನಾಯಕಿಯ ವಿಷಯದಲ್ಲಿ ಅದೇ ಭಾರತ ಮುಚ್ಚಿಡಬೇಕಾದ ಕಳಂಕವಾಯಿತು. ಯಾಕೆಂದರೆ ಆಕೆ ತೆರೆಯ ಮೇಲೆ ಬಿಳಿ ನಾಯಕರನ್ನು ಪ್ರೀತಿಸಬೇಕಿತ್ತು. ಬಿಳಿಯರಿಗೂ ಕರಿಯರಿಗೂ ನಡುವಿನ ಪ್ರಣಯವನ್ನು ತೋರಿಸಬಾರದು ಅಂತ ಹಾಲಿವುಡ್‌ನ ನೀತಿಸಂಹಿತೆಯಲ್ಲೇ ಬರೆದಿತ್ತು. 1934ರಿಂದ ಅದನ್ನು ಬಿಗಿಯಾಗಿ ಜಾರಿ ಮಾಡುತ್ತಿದ್ದರು. ಮಿಶ್ರ ಮೂಲದವರು ಅಂತ ಗೊತ್ತಾಗಿದ್ದರೆ ಆಕೆಗೆ ನಾಯಕಿಯ ಪಾತ್ರಗಳೇ ಸಿಗುತ್ತಿರಲಿಲ್ಲ.

ಹಾಗಾಗಿ ಈ ಪತ್ರಿಕೆ ಓದುವಾಗ ನಾನು 'ಇದು ನಿಜವಾ' ಅಂತ ಮೊದಲು ಕೇಳುವುದಿಲ್ಲ. 'ಈ ಸಾಲಿನಿಂದ ಯಾರಿಗೆ ಲಾಭ' ಅಂತ ಕೇಳುತ್ತೇನೆ. ನಿಜ ಹೇಳಿದರೆ ಟಿಕೆಟ್ ಹೋಗುತ್ತೆ ಅಂದಾಗ ಅವರು ನಿಜವನ್ನೇ ಹೇಳುತ್ತಿದ್ದರು.

ಒಂದು ಲೇಖನ ಹೇಗೆ ತಯಾರಾಗುತ್ತಿತ್ತು ಅಂತ ಗೊತ್ತಿದ್ದರೆ ಇದು ಸುಲಭ. ಶುರುವಿನಲ್ಲಿ, 1910ರ ಆಸುಪಾಸಿನಲ್ಲಿ, ಚಿತ್ರ ಕಂಪನಿಗಳು ನಟರ ಹೆಸರನ್ನೇ ಹಾಕುತ್ತಿರಲಿಲ್ಲ. ಹೆಸರು ಬಂದರೆ ಸಂಬಳ ಏರುತ್ತೆ ಅನ್ನೋ ಭಯ. ಆದರೆ ಈ ಮುಖ ಯಾರದು ಅಂತ ಜನರೇ ಕೇಳತೊಡಗಿದರು. ಆ ಕುತೂಹಲವನ್ನು ನಂಬಿ 1911ರಲ್ಲಿ ಎರಡು ಪತ್ರಿಕೆ ಹುಟ್ಟಿದವು, ಮೋಷನ್ ಪಿಕ್ಚರ್ ಸ್ಟೋರಿ ಮತ್ತು ಫೋಟೋಪ್ಲೇ. ಮೊದಮೊದಲು ಅವು ಅಚ್ಚು ಹಾಕಿದ್ದು ಚಿತ್ರಗಳ ಕಥೆಯನ್ನು. ನಟರ ಮನೆ, ಮದುವೆ, ಮುಖದ ಕ್ರೀಮು ಎಲ್ಲಾ ಆಮೇಲೆ ಬಂದವು. 1930ರ ಹೊತ್ತಿಗೆ ಸ್ಟುಡಿಯೋಗೂ ಪತ್ರಿಕೆಗೂ ಕೊಡುಕೊಳ್ಳುವ ಸಂಬಂಧ ಬೆಳೆದಿತ್ತು. ಫೋಟೋ ಸ್ಟುಡಿಯೋದಿಂದ ಪುಕ್ಕಟೆ. ತಾರೆಯ ಸಂದರ್ಶನಕ್ಕೆ ಅವರದೇ ಅನುಮತಿ. ಮಾತಾಡುವಾಗ ಪ್ರಚಾರ ವಿಭಾಗದವರೊಬ್ಬರು ಪಕ್ಕದಲ್ಲೇ ಕೂರುತ್ತಿದ್ದರು. ಬರೆದದ್ದು ಅಚ್ಚಿಗೆ ಮುಂಚೆ ಅವರ ಕಣ್ಣಡಿ ಹೋಗಿ ಬರುತ್ತಿತ್ತು. 1934ರಲ್ಲಿ ಸ್ಟುಡಿಯೋಗಳು ಒಟ್ಟಾಗಿ ಇನ್ನೂ ಬಿಗಿ ಮಾಡಿದವು. ತಾವು ಒಪ್ಪಿದ ಪಟ್ಟಿಯ ಬರಹಗಾರರಿಗೆ ಮಾತ್ರ ಒಳಗೆ ಬಿಡುವುದು ಎಂದು. 'ನಾನೇ ಬರೆದದ್ದು' ಅಂತ ತಾರೆಯ ಸಹಿ ಇರುವ ಲೇಖನಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವನ್ನು ಬಾಡಿಗೆ ಬರಹಗಾರರು ಬರೆದದ್ದು.

ಇದಕ್ಕಿಂತ ಮುಂಚೆ ಇನ್ನೂ ಮಜಾ ಇತ್ತು. ಥೀಡಾ ಬಾರಾ ಎಂಬ ಮೂಕಿಚಿತ್ರದ ನಟಿ ಸಹಾರಾ ಮರುಭೂಮಿಯಲ್ಲಿ ಹುಟ್ಟಿದವಳು ಎಂದು ಫಾಕ್ಸ್ ಕಂಪನಿ ಸಾರಿತ್ತು. ಆಕೆ ಒಹಾಯೋದ ಸಿನ್ಸಿನಾಟಿಯ ಥಿಯೊಡೋಸಿಯಾ ಗುಡ್‌ಮನ್. 1925ರಲ್ಲಿ ಎಂಜಿಎಂ ಸ್ಟುಡಿಯೋ ತನ್ನ ಹೊಸ ನಟಿ ಲೂಸಿಲ್ ಲಸೂಯರ್‌ಗೆ ಹೆಸರು ಹುಡುಕಲು ಮೂವಿ ವೀಕ್ಲಿ ಪತ್ರಿಕೆಯಲ್ಲಿ ಸ್ಪರ್ಧೆಯನ್ನೇ ಇಟ್ಟಿತು. ಹಾಗೆ ಬಂದ ಹೆಸರು ಜೋನ್ ಕ್ರಾಫರ್ಡ್. ಅಂದರೆ ಪತ್ರಿಕೆ ತಾರೆಯ ಸುದ್ದಿ ಬರೆದದ್ದಷ್ಟೇ ಅಲ್ಲ, ನಾಮಕರಣಕ್ಕೂ ಕೂತಿತ್ತು.

ನಿಮ್ಮ ಪಟ್ಟಿಯಲ್ಲಿ 1939ರ ಜನವರಿಯ ಫೋಟೋಪ್ಲೇ ಇದೆ ಎಂದು ಬರೆದಿದ್ದೀರಿ. ಅದನ್ನು ಹುಷಾರಾಗಿ ತೆಗೆಯಿರಿ, ಅದರಲ್ಲೊಂದು ಸಿಡಿಮದ್ದಿದೆ. ಮದುವೆಯಾಗದೇ ಗಂಡ ಹೆಂಡತಿಯರಂತೆ ಬಾಳುವ ಹಾಲಿವುಡ್ ಜೋಡಿಗಳು ಅನ್ನೋ ಅರ್ಥದ ತಲೆಬರಹ. ಕ್ಲಾರ್ಕ್ ಗೇಬಲ್ ಮತ್ತು ಕರೋಲ್ ಲೊಂಬಾರ್ಡ್, ರಾಬರ್ಟ್ ಟೇಲರ್ ಮತ್ತು ಬಾರ್ಬರಾ ಸ್ಟಾನ್‌ವಿಕ್, ಚಾಪ್ಲಿನ್ ಮತ್ತು ಪಾಲೆಟ್ ಗೊಡ್ಡಾರ್ಡ್ ಹೀಗೆ ಹೆಸರು ಹೆಸರಾಗಿ. ಗೇಬಲ್‌ಗೆ ಆಗ ಕಾನೂನಿನ ಪ್ರಕಾರ ಬೇರೆ ಹೆಂಡತಿ ಇದ್ದರು. ಲೇಖನದ ದನಿ ಮಾತ್ರ ಬಲು ಜಾಣ. ಇಡೀ ಉದ್ದಕ್ಕೂ ಜೋಡಿಗಳ ಪ್ರೀತಿ, ಉಡುಗೊರೆ, ಅಕ್ಕಪಕ್ಕದ ಮನೆ ಅಂತ ಸವಿಸವಿಯಾಗಿ ವರ್ಣಿಸಿ, ಕೊನೆಗೆ ಏನೇ ಆದರೂ ಮದುವೆಗಿಂತ ಮಿಗಿಲಿಲ್ಲ ಅಂತ ಬುದ್ಧಿ ಹೇಳಿ ಮುಗಿಸುತ್ತದೆ. ಓದಿದವರಿಗೆ ಬೇಕಾದ್ದೂ ಸಿಕ್ಕಿತು, ನೀತಿಯೂ ಉಳಿಯಿತು. ಆ ಮಾರ್ಚ್ 29ಕ್ಕೆ ಗೇಬಲ್ ಮತ್ತು ಲೊಂಬಾರ್ಡ್ ಮದುವೆ. ಮೇ 14ಕ್ಕೆ ಟೇಲರ್ ಮತ್ತು ಸ್ಟಾನ್‌ವಿಕ್ ಮದುವೆ.

ಲೇಖನ ಬಂತು, ಸ್ಟುಡಿಯೋ ಗದರಿತು, ಎಲ್ಲರೂ ಓಡಿಹೋಗಿ ತಾಳಿ ಕಟ್ಟಿದರು ಅಂತ ಎಲ್ಲೆಡೆ ಓದುತ್ತೀರಿ. ಒತ್ತಡ ಇತ್ತು, ನಿಜ. ಆದರೆ ಗೇಬಲ್‌ಗೆ ವಿಚ್ಛೇದನ ಸಿಕ್ಕಿದ್ದೇ ಆ ಮಾರ್ಚ್‌ನಲ್ಲಿ. ಅದಕ್ಕಿಂತ ಮುಂಚೆ ಬೇಕೆಂದರೂ ಆಗುವಂತಿರಲಿಲ್ಲ. ಇನ್ನೊಂದು ಮಾತು, ಜನವರಿ ಸಂಚಿಕೆ ಅಂದರೆ ಜನವರಿಯಲ್ಲಿ ಬರೆದದ್ದಲ್ಲ. ಆ ಸಂಚಿಕೆ ಅಂಗಡಿಗೆ ಡಿಸೆಂಬರ್‌ನಲ್ಲೇ ಬಂದಿರುತ್ತಿತ್ತು, ಬರೆದದ್ದು ಅದಕ್ಕೂ ವಾರಗಳ ಹಿಂದೆ. ಮುಖಪುಟದ ತಿಂಗಳಿಂದ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ಓದಿ. ಎಷ್ಟೋ 'ಸುಳ್ಳು'ಗಳು ಸುಳ್ಳಲ್ಲ, ಬರೀ ಹಳೆಯ ಸುದ್ದಿ.

ಬರೆಯದೆ ಬಿಟ್ಟದ್ದನ್ನು ಹಿಡಿಯುವುದು ಇದಕ್ಕಿಂತ ಕಷ್ಟ. 1935ರಲ್ಲಿ ಲೊರೆಟ್ಟಾ ಯಂಗ್ ಎಂಬ ನಟಿ ತಿಂಗಳುಗಟ್ಟಲೆ ಕಾಣಲಿಲ್ಲ. ಪತ್ರಿಕೆಗಳು ಅನಾರೋಗ್ಯ, ವಿಶ್ರಾಂತಿ ಎಂದವು. ಆ ನವೆಂಬರ್‌ನಲ್ಲಿ ಆಕೆಗೆ ಗೇಬಲ್‌ನಿಂದ ಮಗಳು ಹುಟ್ಟಿದ್ದಳು. 1937ರಲ್ಲಿ ಅದೇ ಮಗುವನ್ನು ದತ್ತು ತೆಗೆದುಕೊಂಡದ್ದಾಗಿ ಸುದ್ದಿ ಬಂತು! ಒಬ್ಬ ದೊಡ್ಡ ತಾರೆಯ ಹೆಸರು ನಾಲ್ಕಾರು ಸಂಚಿಕೆಗಳಲ್ಲಿ ತೆಳುವಾದರೆ ನಾನು ಈಗಲೂ ಪಕ್ಕದಲ್ಲಿ ಒಂದು ಗುರುತು ಹಾಕಿಕೊಳ್ಳುತ್ತೇನೆ.

ಜಾಹೀರಾತು ಪುಟಗಳನ್ನು ಹಾರಿಸಬೇಡಿ. ಹತ್ತರಲ್ಲಿ ಒಂಬತ್ತು ತಾರೆಯರು ಬಳಸುವ ಸೋಪು ಅಂತ ಲಕ್ಸ್ ಜಾಹೀರಾತು ಇರುತ್ತೆ. ಚರ್ಮದ ಬಗ್ಗೆ ದೊಡ್ಡ ಅಕ್ಷರ, ತಾರೆಯ ಮುಂದಿನ ಚಿತ್ರದ ಹೆಸರು ಸಣ್ಣ ಅಕ್ಷರ. ವ್ಯಾಪಾರ ಇರುವುದು ಆ ಸಣ್ಣ ಅಕ್ಷರದಲ್ಲಿ. (ಅದೇ ಸೋಪು 1941ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸರ ಮುಖ ಹಾಕಿತು. ಆ ಜಾಹೀರಾತಿನಲ್ಲಿ ಕಾಣಿಸಿದ ಮೊದಲ ಭಾರತೀಯ ನಟಿ ಅವರೇ.)

ನಿರ್ದೇಶಕರು ಯಾಕೆ ಕಮ್ಮಿ? ಪತ್ರಿಕೆ ಮಾರಾಟವಾಗುತ್ತಿದ್ದುದು ಮುಖದಿಂದ. ಕ್ಯಾಮೆರಾ ಹಿಂದಿನವರಿಗೆ ಪುಟ ಸಿಗಬೇಕಾದರೆ ಅವರೂ ಒಂದು ಪಾತ್ರವಾಗಬೇಕಿತ್ತು. ಸಿಸಿಲ್ ಬಿ. ಡೆಮಿಲ್ ಸವಾರಿ ಬೂಟು ಹಾಕಿ ಸೆಟ್ ಮೇಲೆ ಓಡಾಡಿ ಆ ಪಾತ್ರವನ್ನು ತಾವೇ ಕಟ್ಟಿಕೊಂಡರು. ಎರಿಕ್ ಫಾನ್ ಸ್ಟ್ರೋಹೈಮ್ ಇನ್ನೂ ಮುಂದೆ ಹೋದರು. ಆಸ್ಟ್ರಿಯಾದ ಶ್ರೀಮಂತ ವಂಶ, ರಾಜಸೈನ್ಯದ ಅಧಿಕಾರಿ, ಒಂಟಿ ಕನ್ನಡಕ. ಪತ್ರಿಕೆಗಳು ಕಣ್ಣುಮುಚ್ಚಿ ಅಚ್ಚು ಹಾಕಿದವು. 1922ರಲ್ಲಿ ಯೂನಿವರ್ಸಲ್ ಕಂಪನಿ ಅವರ ದುಂದುವೆಚ್ಚವನ್ನೇ ಪ್ರಚಾರ ಮಾಡಿಕೊಂಡು, ಸ್ಟ್ರೋಹೈಮ್ ಎಂಬ ಹೆಸರಿನ ಇಂಗ್ಲಿಷ್ ಎಸ್ ಅಕ್ಷರದ ಜಾಗದಲ್ಲಿ ಡಾಲರ್ ಚಿಹ್ನೆ ಹಾಕಿತು. ಸ್ಟ್ರೋಹೈಮ್ 1957ರಲ್ಲಿ ತೀರಿಕೊಂಡರು. ಆಮೇಲೆ ವಿಯೆನ್ನಾದ ದಾಖಲೆ ತೆಗೆದು ನೋಡಿದರೆ, ಟೋಪಿ ಮಾಡುವ ಯಹೂದಿ ವ್ಯಾಪಾರಿಯ ಮಗ. ಶ್ರೀಮಂತ ವಂಶದ ಗುರುತಾದ ಆ 'ಫಾನ್' ಅಮೆರಿಕಕ್ಕೆ ಬಂದಮೇಲೆ ಹೆಸರಿಗೆ ಸೇರಿಕೊಂಡದ್ದು. ಇಲ್ಲಿ ಸ್ಟುಡಿಯೋಗಿಂತ ನಿರ್ದೇಶಕನೇ ದೊಡ್ಡ ಕಥೆಗಾರ.

ಇನ್ನು ಕಾಗದದ ವಿಷಯ.

ಬೆಲೆ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಇವು ಲಕ್ಷಗಟ್ಟಲೆ ಅಚ್ಚಾಗುತ್ತಿದ್ದವು, ಅಮೆರಿಕದಲ್ಲಿ ಈಗಲೂ ಸಾಕಷ್ಟು ಓಡಾಡುತ್ತವೆ. ಮುಖಪುಟದಲ್ಲಿ ಯಾರಿದ್ದಾರೆ, ಪುಟ ಎಲ್ಲ ಇವೆಯಾ, ಬೆನ್ನು ಗಟ್ಟಿ ಇದೆಯಾ, ಇಷ್ಟರ ಮೇಲೆ ಬೆಲೆ ನಿಲ್ಲುತ್ತೆ. ಒಂದು ಪುಟ ಕತ್ತರಿಸಿದರೂ ಸಂಚಿಕೆ ಅರ್ಧ ಸತ್ತಂತೆ. ಕತ್ತರಿಸಿ ಫ್ರೇಮ್ ಹಾಕಿ ಮಾರುವ ವ್ಯಾಪಾರಿಗಳಿದ್ದಾರೆ. ಬಿಡಿಬಿಡಿಯಾಗಿ ಅವರಿಗೆ ದುಡ್ಡು ಜಾಸ್ತಿ ಹುಟ್ಟುತ್ತೆ, ಪತ್ರಿಕೆ ಮಾತ್ರ ಉಳಿಯಲ್ಲ. ಗೋಡೆಗೆ ಚಿತ್ರ ಬೇಕಾದರೆ ಒಳ್ಳೆಯ ಪ್ರಿಂಟ್ ತೆಗೆಸಿ ಅದನ್ನೇ ಫ್ರೇಮ್ ಹಾಕಿಸಿ. ಅಸಲು ಪುಟ ಬಿಸಿಲು ಬೆಳಕಿನಲ್ಲಿ ಕೆಲವೇ ವರ್ಷಕ್ಕೆ ಪೇಲವವಾಗುತ್ತೆ.

ಈ ಕಾಗದದ ಕೇಡು ಅದರ ಹೊಟ್ಟೆಯಲ್ಲೇ ಇದೆ. ಅಗ್ಗದ ಮರದ ತಿರುಳು. ಅದರೊಳಗಿನ ಲಿಗ್ನಿನ್ ಎಂಬ ಮರದ ವಸ್ತು ಮತ್ತು ಆಮ್ಲ ಸೇರಿ ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತೆ. ನುಣುಪು ಪುಟಗಳದು ಬೇರೆ ಕಥೆ. ಅವು ಒಮ್ಮೆ ಒದ್ದೆಯಾದರೆ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತೆ. ಮೈಸೂರಿನ ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿ ಟ್ರಂಕ್ ಇಡಬೇಡಿ. ಬೀರುವಿನ ನಡು ಅಂಕಣದಲ್ಲಿ, ಮಲಗಿಸಿ, ಐದಾರಕ್ಕಿಂತ ಹೆಚ್ಚು ಪೇರಿಸದೆ ಇಡಿ. ಒಂದೊಂದಕ್ಕೂ ಆಮ್ಲವಿಲ್ಲದ ಕಾಗದದ ಹೊದಿಕೆ, ಇಲ್ಲವೇ ಪಾಲಿಯೆಸ್ಟರ್ ಕವರ್. ಸಾಮಾನ್ಯ ಪ್ಲಾಸ್ಟಿಕ್ ಚೀಲ ಬೇಡ. ನುಸಿಗುಳಿಗೆ, ಬೇವಿನ ಸೊಪ್ಪು ಪುಟದ ನಡುವೆ ಇಡೋದು ಬೇಡ. ಗುಳಿಗೆಯ ಹೊಗೆ ನಿಮ್ಮ ಮೂಗಿಗೂ ಒಳ್ಳೆಯದಲ್ಲ, ಸೊಪ್ಪು ಕಲೆ ಮಾಡುತ್ತೆ. ಮಡಿಕೆಯಲ್ಲಿರುವ ಪಿನ್ನು ತುಕ್ಕು ಹಿಡಿದಿದ್ದರೆ ಎಳೆಯಬೇಡಿ. ಗೊತ್ತಿದ್ದವರಿಂದ ತೆಗೆಸಿ ದಾರ ಹಾಕಿಸಿ.

ಲ್ಯಾಮಿನೇಷನ್ ಬಗ್ಗೆ ಒಂದೇ ಮಾತು: ಮಾಡಿಸಿದರೆ ಮತ್ತೆ ಬಿಚ್ಚಲಾಗದು. ಸೆಲ್ಲೋಟೇಪಿನ ಬಗ್ಗೆ ಮಾತ್ರ ನನ್ನದೇ ತಪ್ಪು ಹೇಳುತ್ತೇನೆ. ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಹರಿದ ಮುಖಪುಟವೊಂದಕ್ಕೆ ಅಂಟಿಸಿ, ಎಷ್ಟು ಚೆನ್ನಾಗಿ ಕೂತಿತು ಅಂತ ಬೀಗಿದ್ದೆ. ಹತ್ತು ವರ್ಷಕ್ಕೆ ಟೇಪು ತಾನೇ ಉದುರಿತು. ನಟಿಯ ಗಲ್ಲದ ಮೇಲೆ ಜೇನಿನ ಬಣ್ಣದ ಗೆರೆ ಈಗಲೂ ಇದೆ.

ಸ್ಕ್ಯಾನ್ ಮಾಡುವುದಾದರೆ ಬೋರಲು ಹಾಕಿ ಒತ್ತುವ ಸ್ಕ್ಯಾನರ್ ಬೇಡ, ಬೆನ್ನು ಮುರಿಯುತ್ತೆ. ಎರಡು ದಪ್ಪ ಪುಸ್ತಕಕ್ಕೆ ಬಟ್ಟೆ ಸುತ್ತಿ ತೊಟ್ಟಿಲಿನಂತೆ ಮಾಡಿ, ಪತ್ರಿಕೆಯನ್ನು ಪೂರ್ತಿ ಬಿಚ್ಚದೆ ಅದರಲ್ಲಿ ಮಲಗಿಸಿ, ಮೇಲಿನಿಂದ ಫೋಟೋ ತೆಗೆಯಿರಿ. ಕಿಟಕಿ ಬೆಳಕು ಸಾಕು. ಆದರೆ ಮೊದಲು ನೋಡಿಕೊಳ್ಳಿ, ಈ ಕೆಲಸ ಆಗಲೇ ಆಗಿರಬಹುದು. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಎಂಬ ಯೋಜನೆ ಇಂಥ ಪತ್ರಿಕೆಗಳ ರಾಶಿಯನ್ನೇ ಪುಕ್ಕಟೆಯಾಗಿ ಜಾಲದಲ್ಲಿಟ್ಟಿದೆ. ಅವರ ಲ್ಯಾಂಟರ್ನ್ ಎಂಬ ಹುಡುಕು ಪುಟದಲ್ಲಿ ನಟನ ಹೆಸರು ಕೊಟ್ಟರೆ ಬರುತ್ತೆ. ಕಾಪಿರೈಟ್ ವಿಷಯದಲ್ಲಿ ಎಚ್ಚರ ಇರಲಿ. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದವು ಮುಕ್ತ. ನಿಮ್ಮವು ಆ ಸಾಲಿಗೆ ಇನ್ನೂ ಬಂದಿಲ್ಲ. ಆ ಕಾಲದವಕ್ಕೆ 28ನೇ ವರ್ಷದಲ್ಲಿ ಹಕ್ಕು ನವೀಕರಿಸಬೇಕಿತ್ತು. ಕೆಲವರು ಮಾಡಿದರು, ಕೆಲವರು ಬಿಟ್ಟರು. ಸಂಚಿಕೆ ಸಂಚಿಕೆಗೂ ನೋಡಬೇಕು. ಲೇಖನ ಬರೆಯುವಾಗ ನಾಲ್ಕು ಸಾಲು ಎತ್ತಿಕೊಂಡು ಚರ್ಚಿಸಿದರೆ ಯಾರೂ ಕೇಳಲ್ಲ. ಇಡೀ ಸಂಚಿಕೆ ಏರಿಸುವ ಮುನ್ನ ಮಾತ್ರ ವಿಚಾರಿಸಿ.

ಇಡೀ ಕಂತೆಯನ್ನು ಗ್ರಂಥಾಲಯಕ್ಕೆ ಕೊಡುವ ದಾರಿಯೂ ಇದೆ. ಕೊಡುವ ಮುನ್ನ ಒಂದು ಮಾತು ಕೇಳಿ: ಪಟ್ಟಿ ಮಾಡಿ ಒಂದೇ ಕಡೆ ಇಡುತ್ತೀರಾ ಅಥವಾ ಬೇಡವಾದ್ದನ್ನು ರದ್ದಿಗೆ ಹಾಕುತ್ತೀರಾ? ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ನನ್ನನ್ನು ಕೇಳಿದರೆ, ಸದ್ಯಕ್ಕೆ ಮಾರಬೇಡಿ, ಒಡೆಯಬೇಡಿ. ಈ 34ರ ನಿಜವಾದ ಬೆಲೆ ಅವು ಒಬ್ಬರ ಟ್ರಂಕಿನಲ್ಲಿ ಒಟ್ಟಿಗೆ ಇದ್ದದ್ದರಲ್ಲಿದೆ. 1943ರಲ್ಲಿ ಆ ವಿಮಾನ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು, ಅಲ್ಲಿ ಅವರ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಮೈಸೂರಿನ ಫಿಟ್ಟರ್ ಒಬ್ಬರು ಯುದ್ಧಕಾಲದಲ್ಲಿ ಯಾವ ಹಾಲಿವುಡ್ ಓದಿದರು ಅನ್ನೋದು ಬೇರೆಲ್ಲೂ ದಾಖಲಾಗಿರುವುದಿಲ್ಲ.

ಪೆನ್ಸಿಲ್ ವಿಷಯಕ್ಕೆ ಬರೋಣ. ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಪತ್ರಿಕೆಯವರು ಸಾಬುವನ್ನು ಭಾರತದ ಕಾಡಿನ ಹುಡುಗ ಎಂದು ಬರೆದಿದ್ದಾರೆ. ತಾತ 'ಕಾಡು' ಅನ್ನೋ ಇಂಗ್ಲಿಷ್ ಪದದ ಮೇಲೆ ಒಂದು ಗೆರೆ ಎಳೆದು, ಪಕ್ಕದ ಅಂಚಿನಲ್ಲಿ ಕನ್ನಡದಲ್ಲಿ 'ಕಾರಾಪುರ' ಎಂದು ಬರೆದಿದ್ದಾರೆ. ಕೆಳಗೆ ಇನ್ನೊಂದು ಸಾಲಿದೆ, ಮಾಸಿದೆ, 'ಅಣ್ಣ' ಅನ್ನೋ ತನಕ ಓದಲು ಬರುತ್ತೆ. ಸಾಬುವಿನ ಅಣ್ಣ ಶೇಖ್ ದಸ್ತಗೀರ್ ಕೂಡ ಜೊತೆಗೆ ಹೋದವರು. ಅವರ ವಿಷಯ ಇರಬಹುದು, ಅಥವಾ ನಿಮ್ಮ ಮನೆಯ ಯಾರದೋ ಇರಬಹುದು. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಟಾರ್ಚನ್ನು ಪಕ್ಕದಿಂದ ಬಿಟ್ಟು ಮತ್ತೆ ಫೋಟೋ ತೆಗೆದು ಕಳಿಸಿ. ಪೆನ್ಸಿಲ್ ಒತ್ತಿದ ತಗ್ಗು ಕಾಗದದಲ್ಲಿ ಉಳಿದಿರುತ್ತೆ. ಅಷ್ಟರಲ್ಲಿ ಅಮ್ಮನನ್ನು ಕೂರಿಸಿಕೊಂಡು, ತಾತ ಕಾರಾಪುರದ ಕಡೆಗೆ ಯಾವಾಗಲಾದರೂ ಹೋಗಿ ಬರುತ್ತಿದ್ದರಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬೇರೆ ಹಾಳೆಯಲ್ಲಿ, ಪೆನ್ಸಿಲ್‌ನಲ್ಲೇ.